ಏಳನೆಯ ಪ್ರಶ್ನೆಯ ಉತ್ತರ

೨೦೦೬ರ ಜುಲೈ ೯, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ರಾಮಮೂರ್ತಿ ನಗರದ ಒಂದು ಬಾಡಿಗೆ ಮನೆಗೆ ಕಂಪ್ಯೂಟರ್ ಬಂತು. ಶಿವಾಜಿನಗರದಲ್ಲಿ ಕೊಂಡ ಹಳೆಯ ಯಂತ್ರ. ದುರ್ಗೇಶ ಅದನ್ನು ಆಟೋದಿಂದ ಇಳಿಸಿ ಹೊಸ್ತಿಲ ಒಳಗಿಟ್ಟು, ಎಲ್ಲಿ ಜೋಡಿಸುವುದೆಂದು ಸುತ್ತ ನೋಡಿದ. ಇದ್ದದ್ದು ಎರಡೇ ಕೋಣೆ. ಪ್ಲಗ್ ಇದ್ದ ಗೋಡೆ ಒಂದೇ. ಆ ಗೋಡೆಗೆ ಅವನ ತಾಯಿ ಮಾನಮ್ಮನ ಮಂಚ ಒರಗಿತ್ತು.

“ಅವ್ವ, ಮಂಚ ಪಡಸಾಲಿಗೆ ಹಾಕೂಣೇನು?”

“ಪಡಸಾಲಿ ಎಲ್ಲೈತಪಾ ಈ ಮನಿಗೆ? ಅದು ಓಣಿ,” ಎಂದಳು ಮಾನಮ್ಮ. “ನಾ ನೆಲದ ಮ್ಯಾಲ ಮಲಗತೀನಿ ಬಿಡು. ಪಾಪ, ಮಷೀನಿಗೆ ಸೊಂಟ ನೋವ ಬರಬಾರದು.”

ದುರ್ಗೇಶ ಮಂಚವನ್ನು ಹೊರಗೆ ಗೋಡೆಗೆ ನಿಲ್ಲಿಸಿದ. ಅವನ ಹೆಂಡತಿ ಜಯಮಾಲಾ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಕಂಪ್ಯೂಟರ್ ಬೇಕೆಂದವಳು ಅವಳೇ. ರಾಯಚೂರಿನಲ್ಲಿ ಬಿ.ಎಸ್ಸಿ. ಓದಿದ್ದ ಅವಳು ಈಗ ವಾರಕ್ಕೆರಡು ಮಧ್ಯಾಹ್ನ ಹಲಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್‌ಗಳಿಗೆ ಕನ್ನಡ ಕಲಿಸುತ್ತಿದ್ದಳು. ಅವರಲ್ಲಿ ಹೆಚ್ಚಿನವರಿಗೆ ತಮಿಳು, ಮಲಯಾಳಂ, ದಖನಿ ಉರ್ದು ಬರುತ್ತಿತ್ತು. ಬೆಂಗಳೂರಿನ ಕನ್ನಡವೂ ಅಷ್ಟಿಷ್ಟು ತಿಳಿಯುತ್ತಿತ್ತು. ಆದರೆ ಕಟ್ಟಡದ ಕೆಲಸಕ್ಕೆ ಬಂದ ಸಿಂಧನೂರು, ಲಿಂಗಸುಗೂರು ಕಡೆಯ ಹೆಂಗಸರು ಬಾಯಿ ಬಿಟ್ಟರೆ ಅವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಕಪ್ಪುಹಲಗೆಯ ಮೇಲೆ ಬರೆದು ಕಿವಿಗೆ ಪಾಠ ಹೇಳಲಾಗದು ಎಂದು ಜಯಮಾಲಾಳಿಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಮಾತನ್ನು ಧ್ವನಿಮುದ್ರಿಸಿ, ಅದರ ಮೇಲೆ ಪ್ರಶ್ನೆ ಮಾಡಿ, ನಾಲ್ಕು ಉತ್ತರ ಕೊಟ್ಟು, ಸರಿಯೋ ತಪ್ಪೋ ಎಂದು ಕಂಪ್ಯೂಟರೇ ಹೇಳುವಂತೆ ಮಾಡುವ ಒಂದು ತಂತ್ರಾಂಶ ಉಚಿತವಾಗಿ ಸಿಗುತ್ತಿತ್ತು. ಅಂಥ ಪಾಠಗಳನ್ನು ಮಾಡಿ ತೋರಿಸುತ್ತೇನೆ ಎಂದು ಆಸ್ಪತ್ರೆಯವರಿಗೆ ಹೇಳಿ ಬಂದಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾನಮ್ಮ ಅರ್ಧ ರೊಟ್ಟಿ ಮುರಿದು, ಪಲ್ಯ ಮುಟ್ಟದೆ, ಒಂದು ಲೋಟ ಮಜ್ಜಿಗೆ ಕುಡಿದು ತಟ್ಟೆ ಸರಿಸಿದಳು.

“ಅತ್ತಿ, ಎಣ್ಣಿಗಾಯಿ ಮಾಡೀನಿ. ನಿಮಗ ಅಂತನ.”

“ಒಲ್ಲೆವಾ.”

ಮಾನಮ್ಮನ ಗಂಡ ಅಮೃತಪ್ಪ ಮಗನ ಕಡೆ ನೋಡಿ ಕಣ್ಣು ಮಿಟುಕಿಸಿದ. ಕಾಕ್ಸ್‌ಟೌನಿನಲ್ಲಿ ಹಳೆಯ ಮನೆ ಕೆಡವಿ ಕಟ್ಟಿದ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರ ಅವನು. ಹೆಂಡತಿ ಒಳಗೆ ಹೋದ ಮೇಲೆ ದನಿ ತಗ್ಗಿಸಿದ.

“ಮಂಚದ ಸಿಟ್ಟು. ಆಕಿ ಸಿಟ್ಟಿನ ಊಟ ನನಗ ಗೊತ್ತಿಲ್ಲೇನು? ಲಗ್ನಾದ ಹೊಸದ್ರಾಗ ನಾ ಆಕಿನ್ನ ಕೇಳಲಾರದ ಎತ್ತು ಮಾರಿದ್ದೆ. ಎಂಟು ದಿನ ಅನ್ನ ಮುಟ್ಟಲಿಲ್ಲ. ಒಂಬತ್ತನೇ ದಿನ ನಾನ ಕೈಮುಗದೆ.”

“ಹಂಗಾರ ಇನ್ನೂ ಎಂಟು ದಿನ ಐತಿ,” ಎಂದ ದುರ್ಗೇಶ.

ಎಂಟು ದಿನ ಕಳೆದವು. ದುರ್ಗೇಶ ಕೆ.ಆರ್. ಪುರದ ಲೇತ್ ಕಾರ್ಖಾನೆಯಿಂದ ಬರುತ್ತ ಅವ್ವನಿಗೆಂದು ಮೈಸೂರುಪಾಕು ತಂದ. ಅದು ಡಬ್ಬಿಯಲ್ಲೇ ಉಳಿಯಿತು. ಅಮೃತಪ್ಪ ಕೈಮುಗಿಯುವ ಬದಲು ತನ್ನ ರೂಢಿಯಂತೆ ಮೊಣಕಾಲು ನೋವಿನ ಗುಳಿಗೆಯ ಹೊಸ ಪಟ್ಟಿಯೊಂದನ್ನು ತಂದುಕೊಟ್ಟ. ಬೆಂಗಳೂರಿಗೆ ಬಂದಾಗಿನಿಂದ ಹೆಂಡತಿಗೆ ಅವನು ತಪ್ಪದೆ ತಂದುಕೊಡುತ್ತಿದ್ದದ್ದು ಅದೊಂದೇ. ಮಾನಮ್ಮ ಅದನ್ನು ಬೆಳಗ್ಗೊಂದು ಸಂಜೆಗೊಂದು ನುಂಗುತ್ತಿದ್ದಳು. ನುಂಗಿ, ಎರಡು ಬೆರಳನ್ನು ಎದೆಗೂಡಿನ ಕೆಳಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂರುತ್ತಿದ್ದಳು. ಅದನ್ನು ಎಲ್ಲರೂ ನೋಡುತ್ತಿದ್ದರು. ಕಂಪ್ಯೂಟರಿನ ಕಡೆ ಮುಖ ಮಾಡಿಯೇ ಕೂರುತ್ತಿದ್ದಳಾದ್ದರಿಂದ ಸಿಟ್ಟಿನಿಂದ ಅದನ್ನು ದಿಟ್ಟಿಸುತ್ತಿದ್ದಾಳೆ ಎಂದುಕೊಂಡರು.

ಜುಲೈ ಕೊನೆಯ ಹೊತ್ತಿಗೆ ಜಯಮಾಲಾ ನಾಲ್ಕು ಪಾಠ ಮುಗಿಸಿದ್ದಳು. ಕನ್ನಡ ಅಕ್ಷರಗಳು ಮೊದಮೊದಲು ಪರದೆಯ ಮೇಲೆ ಬರೀ ಚೌಕಗಳಾಗಿ ಕಾಣಿಸಿದವು. ಅದನ್ನು ಸರಿಪಡಿಸಲು ಒಂದು ವಾರವೇ ಹೋಯಿತು. ಬಸ್ಸು ಕೇಳುವುದು, ಮನೆ ವಿಳಾಸ ಹೇಳುವುದು, ಇವೆಲ್ಲ ಅವಳ ದನಿಯಲ್ಲೇ ಆದವು. ಐದನೆಯದು ರೋಗಿಯ ಪಾಠ. ಅದಕ್ಕೆ ವಯಸ್ಸಾದ ದನಿ ಬೇಕಿತ್ತು. ಮೊದಲು ಮಾವನನ್ನು ಕೂರಿಸಿದಳು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೈಕು ಬಾಯಿಯ ಮುಂದೆ ಹಿಡಿದಳು. ಅಮೃತಪ್ಪ ಗಂಟಲು ಸರಿಮಾಡಿಕೊಂಡ.

“ಸನ್ಮಾನ್ಯ ವೈದ್ಯರೇ, ತಮ್ಮಲ್ಲಿ ನನ್ನದೊಂದು ವಿನಂತಿ—”

“ಮಾವಾ, ದವಾಖಾನ್ಯಾಗ ಹಂಗ್ಯಾರು ಮಾತಾಡ್ತಾರ್ರಿ?”

“ಬೆಂಗಳೂರಾಗ ನಾಕ್ ಮಂದಿ ಕೇಳೂದಂದ್ರ ಚಂದ ಮಾತಾಡಬೇಕಲ್ಲ!”

ಗೋಡೆಯ ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಮಾನಮ್ಮ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದು. “ಸರಿ ಅತ್ತಾಗ. ಚುನಾವಣಿಗೆ ನಿಂತಂಗ ಐತಿ. ಬ್ಯಾನಿ ಬಂದಾಕಿ ಹೆಂಗ ಮಾತಾಡ್ತಾಳ ನಾ ತೋರಸ್ತೀನಿ.”

ಜಯಮಾಲಾ ಬರೆದಿಟ್ಟ ಮಾತುಗಳನ್ನು ಓದಿ ಹೇಳಿದಳು. ಅವನ್ನು ನೀವು ಹಾಗೇ ಹೇಳಿದರೆ ಸಾಕು ಅತ್ತಿ, ಎಂದಳು. ಮಾನಮ್ಮ ಕೈ ಅಲ್ಲಾಡಿಸಿದಳು.

“ಅದು ಬ್ಯಾಡ. ಹಂಗ ಎರಡು ದಿನದ ಹೊಟ್ಟಿಬ್ಯಾನಿಗೆ ಯಾರೂ ದವಾಖಾನಿಗೆ ಬರೂದಿಲ್ಲ. ಒತ್ತು ಗುಂಡಿ.”

ಒತ್ತಿದಳು. ಮಾನಮ್ಮ ಮೈಕನ್ನೇ ನೋಡುತ್ತ ಶುರುಮಾಡಿದಳು.

“ನೀನ ಡಾಕ್ಟರ್ ಏನವಾ? ಸಣ್ಣಾಕಿ ಅದೀ. ಇರ್ಲಿ. ಇಲ್ಲಿ ನೋಡು, ಎದಿಗೂಡಿನ ಕೆಳಗ, ಕೆಂಡ ಇಟ್ಟಂಗ ಆಗತೈತಿ. ಬಸವ ಜಯಂತಿ ಮುಂದ ಸುರು ಆತು. ಉಂಡ್ರ ಹೆಚ್ಚಾಗತೈತಿ. ಮೊಣಕಾಲಿಗೆ ಗುಳಿಗಿ ನುಂಗತೀನಿ, ಅದಕ್ಕೇನೂ ಇದು ಬಗ್ಗೂದಿಲ್ಲ. ಊಟಾ ಬಿಟ್ಟೀನಿ. ಮನ್ಯಾಗ ಸಿಟ್ಟಿಲೆ ಬಿಟ್ಟಾಳ ಅಂತಾರ. ಅನ್ಲಿ. ಹೊರಕಡಿಗೆ ಹೋದ್ರ ಕರ್ರಗ ಆಗತೈತಿ, ಡಾಂಬರ ಆದಂಗ. ಅದನ್ನ ಯಾರ ಮುಂದ ಹೇಳೂದು? ನೀ ಡಾಕ್ಟರ್ ಅಂತ ಹೇಳೀನಿ.”

ಮುಗಿದಾಗ ಅಮೃತಪ್ಪ ಚಪ್ಪಾಳೆ ತಟ್ಟಿದ. “ಭಲೇ! ಬಯಲಾಟಕ್ಕ ಹೋಗೂದು ಬಿಟ್ಟು ನನ್ನ ಕೈ ಹಿಡದಿ ನೋಡು ನೀನು.”

“ಎಲ್ಲಿ ಕಲ್ತ್ರಿ ಅತ್ತಿ ಇಷ್ಟೆಲ್ಲ?” ಎಂದು ಜಯಮಾಲಾ ಕೇಳಿದಳು.

“ಓಣ್ಯಾಗ ಬ್ಯಾನಿಗೇನು ಬರಗಾಲೇನವಾ?” ಎಂದು ಮಾನಮ್ಮ ಮತ್ತೆ ಸೊಪ್ಪಿನ ಮುಂದೆ ಕೂತಳು.

ಆ ಧ್ವನಿಯನ್ನು ಜಯಮಾಲಾ ಎಷ್ಟೋ ಸಲ ಕೇಳಿದಳು. ಹಿನ್ನೆಲೆಯಲ್ಲಿ ಕೇಳುತ್ತಿದ್ದ ಕುಕ್ಕರ್ ಸೀಟಿ ಕತ್ತರಿಸಿದಳು, ದನಿ ತಗ್ಗಿದ ಕಡೆ ಏರಿಸಿದಳು, ಕಷ್ಟದ ಪದಗಳಿಗೆ ಅರ್ಥ ಕೊಟ್ಟಳು. ಪ್ರಶ್ನೆಗಳನ್ನು ಸುಲಭದಿಂದ ಕಷ್ಟಕ್ಕೆ ಹೋಗುವಂತೆ ಜೋಡಿಸಿದಳು: ನೋವು ಎಲ್ಲಿದೆ, ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಗುತ್ತದೆ. ಏಳನೆಯ ಪ್ರಶ್ನೆ: ಅಜ್ಜಿ ಊಟ ಬಿಟ್ಟಿರುವುದು ಏಕೆ? ಹಸಿವಿಲ್ಲ, ನೋವು, ಸಿಟ್ಟು, ಉಪವಾಸದ ವ್ರತ. ಈ ನಾಲ್ಕರಲ್ಲಿ ಸರಿಯುತ್ತರ ಯಾವುದೆಂದು ಕಂಪ್ಯೂಟರಿಗೆ ಹೇಳಬೇಕಿತ್ತು. ಅವಳು ದುರ್ಗೇಶನನ್ನು ಕರೆದಳು.

“ಕೇಳ್ರಿ ಇಲ್ಲಿ. ಮಷೀನಿನ್ಯಾಗೂ ನನಗೊಂದು ಚುಚ್ಚ್ಯಾರ ನಿಮ್ಮವ್ವ. ‘ಮನ್ಯಾಗ ಸಿಟ್ಟಿಲೆ ಬಿಟ್ಟಾಳ ಅಂತಾರ’ ಅಂತ.”

ದುರ್ಗೇಶ ಕೇಳಿ ನಕ್ಕ. “ಬಾಯಿ ಬಿಟ್ಟು ಒಪ್ಪಿಕೊಂಡಂಗಾತಲ್ಲ. ಅದನ್ನ ಸರಿಯುತ್ತರ ಮಾಡು. ಆಸ್ಪತ್ರಿ ಮಂದಿಗೆಲ್ಲ ಗೊತ್ತಾಗ್ಲಿ.”

ಅವಳೂ ನಕ್ಕು, ‘ಸಿಟ್ಟು’ ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿದಳು.

ಆಗಸ್ಟ್ ಮೂರನೆಯ ವಾರ, ಒಂದು ಬುಧವಾರ ಮಧ್ಯಾಹ್ನ, ಐದನೆಯ ಪಾಠ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನಡೆಯಿತು. ಒಂದೊಂದು ಯಂತ್ರಕ್ಕೆ ಇಬ್ಬರು ನರ್ಸ್‌ಗಳು, ಒಂದೊಂದು ಕಿವಿಗೆ ಹೆಡ್‌ಫೋನಿನ ಒಂದೊಂದು ಬದಿ. ಮೊದಲ ಆರು ಪ್ರಶ್ನೆ ಸಲೀಸಾಗಿ ದಾಟಿದರು. ‘ಕರ್ರಗ’ ಎಂದರೆ ಕಪ್ಪು ಎಂದು ಹೇಳಿಕೊಡುವ ಮೊದಲೇ ಊಹಿಸಿದರು. ಜಯಮಾಲಾಳಿಗೆ ಸಂತೋಷವಾಯಿತು. ಏಳನೆಯದಕ್ಕೆ ಕೋಣೆಯಲ್ಲಿ ಗುಜುಗುಜು ಎದ್ದಿತು.

ಶಂಶುನ್ನೀಸಾ ಕೈ ಎತ್ತಿದಳು. ಶಿವಾಜಿನಗರದಲ್ಲೇ ಹುಟ್ಟಿ ಬೆಳೆದ ಇಪ್ಪತ್ತಮೂರರ ಹುಡುಗಿ. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ಕನ್ನಡ ಬಸ್ಸಿನಲ್ಲಿ ಕಲಿತದ್ದು.

“ಮೇಡಂ, ನಂದು ತಪ್ಪು ತಪ್ಪು ಅಂತಾ ಇದೆ ಇದು. ಮತ್ತೆ ಮತ್ತೆ ಒತ್ತಿದೆ.”

“ಸರಿಯಾಗಿ ಕೇಳಿಸ್ಕೊಳಿ ಸಿಸ್ಟರ್. ಅಜ್ಜಿ ಹೇಳ್ತಾರೆ.”

“ಕೇಳಿಸ್ಕೊಂಡೆ. ನೋವು ಅಂತ ಹಾಕ್ದೆ. ತಪ್ಪು ಅಂತು.”

“ನಮ್ದೂ ಹಾಗೇ ಅಂತು,” ಎಂದಳು ಹಿಂದಿನ ಸಾಲಿನ ತಮಿಳು ಹುಡುಗಿ. “ಕಂಪ್ಯೂಟರ್‌ಗೆ ಕನ್ನಡ ಬರಲ್ಲ ಮೇಡಂ. ಅದನ್ನೂ ಕ್ಲಾಸಿಗೆ ಸೇರಿಸ್ಕೊಳಿ.”

ನಗು ಎದ್ದಿತು. ಜಯಮಾಲಾ ಯಂತ್ರದಿಂದ ಯಂತ್ರಕ್ಕೆ ಹೋಗಿ ನೋಡಿದಳು. ಒಂದು ಜೋಡಿ ಬಿಟ್ಟು ಉಳಿದವರೆಲ್ಲ ‘ನೋವು’ ಎಂದೇ ಒತ್ತಿದ್ದರು. ಆ ಒಂದು ಜೋಡಿ ‘ಉಪವಾಸದ ವ್ರತ’ ಎಂದಿತ್ತು. ಒಬ್ಬರಾದರೂ ‘ಸಿಟ್ಟು’ ಎಂದಿರಲಿಲ್ಲ.

“ಸಿಟ್ಟಿಲೆ ಅಂತ ಒಂದು ಮಾತು ಬರುತ್ತಲ್ಲ, ಸಿಟ್ಟಿಂದ ಅಂತ ಅರ್ಥ,” ಎಂದಳು.

“ಅದು ಅಜ್ಜಿ ಹೇಳಿದ್ದಲ್ಲ ಮೇಡಂ, ಮನೆಯವ್ರು ಹೇಳಿದ್ದು,” ಎಂದಳು ಶಂಶುನ್ನೀಸಾ. “ಮನೆಯವ್ರು ಹಂಗಂತಾರೆ ಅಂತ ಅಜ್ಜಿ ಹೇಳ್ತಾರೆ. ವಾರ್ಡಲ್ಲೂ ಹಂಗೇ. ಪೇಷೆಂಟ್ ಹೇಳೋದು ಒಂದು, ಜೊತೇಲಿ ಬಂದೋರು ಹೇಳೋದು ಇನ್ನೊಂದು. ಕೇಸ್ ಶೀಟಲ್ಲಿ ಬೇರೆ ಬೇರೆ ಬರಿಬೇಕು. ಈ ಅಜ್ಜಿ ಯಾವ ವಾರ್ಡು? ಇನ್ನೂ ಇದಾರಾ?”

“ಇಲ್ಲ, ಪೇಷೆಂಟ್ ಅಲ್ಲ. ನಮ್ಮತ್ತೆ. ಸುಮ್ನೆ ಆ್ಯಕ್ಟ್ ಮಾಡಿದ್ದು.”

ಹಲವರು ಮೆಚ್ಚಿ ತಲೆದೂಗಿದರು. ಶಂಶುನ್ನೀಸಾ ಮಾತ್ರ ಹೆಡ್‌ಫೋನ್ ಕೈಯಲ್ಲೇ ಹಿಡಿದಿದ್ದಳು.

“ಡಾಂಬರು ಅಂದ್ರೆ ರೋಡಿಗೆ ಹಾಕೋದೇ ಅಲ್ವಾ ಮೇಡಂ?”

“ಹೂಂ.”

“ಅದು ನೀವು ಬರ್ದು ಕೊಟ್ಟಿದ್ದಾ?”

“ಇಲ್ಲ. ಅವರೇ ಹೇಳಿದ್ದು.”

“ಹೊಟ್ಟೆ ಒಳಗೆ ರಕ್ತ ಸೋರಿದ್ರೆ ಮಲ ಹಂಗೇ ಆಗುತ್ತೆ. ಮತ್ತೆ... ಅದು ಅವ್ರಿಗೆ ಹೇಗೆ ಗೊತ್ತು?”

ಜಯಮಾಲಾ ಶಂಶುನ್ನೀಸಾಳ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು ಎರಡೂ ಕಿವಿಗೆ ಹಾಕಿಕೊಂಡು ಮೊದಲಿನಿಂದ ಕೇಳಿದಳು. ಬಸವ ಜಯಂತಿ ಮುಂದ ಸುರು ಆತು. ಬಸವ ಜಯಂತಿ ಏಪ್ರಿಲ್ ಕೊನೆಗೆ ಬಂದಿತ್ತು. ಕಂಪ್ಯೂಟರ್ ಮನೆಗೆ ಬಂದದ್ದು ಜುಲೈನಲ್ಲಿ. ಇನ್ನೂ ಬಾರದ ಯಂತ್ರದ ಮೇಲೆ ಯಾರೂ ಸಿಟ್ಟಾಗಿ ಊಟ ಬಿಡುವುದಿಲ್ಲ. ಶುರುವಾದದ್ದು ಯಾವಾಗ ಎಂಬ ಪ್ರಶ್ನೆಯನ್ನೂ ಅವಳೇ ಮಾಡಿದ್ದಳು, ಅದರ ಸರಿಯುತ್ತರವನ್ನೂ ಅವಳೇ ಗುರುತಿಸಿದ್ದಳು.

ಹೆಡ್‌ಫೋನ್ ತೆಗೆದು, “ನೀವು ಹೇಳಿದ್ದೇ ಸರಿ. ಉತ್ತರ ತಪ್ಪಾಗಿ ಹಾಕಿದ್ದು ನಾನು,” ಎಂದಳು. “ಇವತ್ತಿಗೆ ಸಾಕು.”

ಶಂಶುನ್ನೀಸಾ ಬಾಗಿಲವರೆಗೆ ಬಂದಳು. “ನಾಳೆನೇ ಕರ್ಕೊಂಡು ಬನ್ನಿ ಮೇಡಂ. ಖಾಲಿ ಹೊಟ್ಟೇಲಿ. ಆ ಗುಳಿಗೆ ಪಟ್ಟೀನೂ ತನ್ನಿ. ಊಟ ಮಾಡದೆ ನುಂಗಿದ್ರೆ ಅದು ಹೊಟ್ಟೆ ಸುಡುತ್ತೆ.”

ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಎಂದಿನಂತೆ ವಾಹನಗಳ ದಟ್ಟಣೆಯಲ್ಲಿ ನಿಂತಲ್ಲೇ ನಿಂತಿತು. ಜಯಮಾಲಾ ಇಳಿದು ನಡೆದೇ ಬಂದಳು. ಮಾನಮ್ಮ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಜಯಮಾಲಾ ಚಪ್ಪಲಿ ಬಿಟ್ಟು ನೇರವಾಗಿ ಎದುರು ಕೂತಳು.

“ಅತ್ತಿ, ಅವತ್ತು ಮಷೀನಿನ್ಯಾಗ ಹೇಳಿದ್ದು ಖರೇನೇನ್ರಿ?”

“ಯಾವ್ದು?”

“ಕೆಂಡ ಇಟ್ಟಂಗ. ಡಾಂಬರ ಆದಂಗ.”

ಮಾನಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. “ಈಗ ಕೇಳಾಕ ಬಂದೀ ಏನು? ನನ್ನ ಮುಂದನ ಹತ್ತು ಸಲ ಹಚ್ಚಿ ಹಚ್ಚಿ ಕೇಳಿದೆಲ್ಲ.”

“ನನಗ ಒಂದು ಮಾತು ಹೇಳಬಾರದೇನ್ರಿ?”

“ಹೇಳಿದ್ನಲ್ಲ.”

“ನನಗ ಹೇಳಲಿಲ್ರಿ, ಮೈಕಿಗೆ ಹೇಳಿದ್ರಿ.”

“ಮೈಕ್ ಹಿಡದಾಕಿ ಯಾರು?” ಎಂದಳು ಮಾನಮ್ಮ. ಆಮೇಲೆ ದನಿ ಇಳಿಸಿ ಹೇಳಿದಳು: “ನಿಮ್ಮ ಮಾವನ ಮನಿತನ ನಿನಗ ಗೊತ್ತಿಲ್ಲ. ಬ್ಯಾನಿ ಬಿದ್ದ ಹೆಣಮಗಳನ್ನ ತವರಿಗೆ ಕಳಸೂದು ಅವರ ಪದ್ಧತಿ. ನಮ್ಮ ಅತ್ತಿನ್ನ ಹಂಗ ಕಳಿಸಿದ್ರು. ಬಂಡಿ ಹತ್ತಿಸಿ ನಾನ ಬುತ್ತಿ ಕಟ್ಟಿ ಕೊಟ್ಟಿದ್ದೆ. ಆಕಿ ತಿರುಗಿ ಬರಲಿಲ್ಲ. ನನ್ನ ತವರಾಗ ಈಗ ಯಾರದಾರ? ಅಣ್ಣನ ಹೆಂಡ್ತಿ ಒಬ್ಬಾಕಿ. ಆಕಿ ಬಾಗಿಲಿಗೆ ಹೋಗಿ ಬೀಳೂದಕ್ಕಿಂತ ಸಿಟ್ಟು ಅಂತ ಅನ್ನಿಸಿಕೊಂಡು ಇಲ್ಲೇ ಇರೂದು ಪಾಡು ಅಂದ್ಕೊಂಡೆ.”

ಜಯಮಾಲಾ ಪರಾತವನ್ನು ತನ್ನ ಕಡೆ ಎಳೆದುಕೊಂಡು ಹಿಟ್ಟು ನಾದತೊಡಗಿದಳು. “ಇವತ್ತು ರೊಟ್ಟಿ ನಾ ಬಡೀತೀನಿ. ನೀವು ಮಲಗ್ರಿ.”

“ಎಲ್ಲಿ ಮಲಗ್ಲಿ?”

ಜಯಮಾಲಾ ಎದ್ದು, ಕೈ ತೊಳೆದು, ಹೊರಗೆ ನಿಲ್ಲಿಸಿದ್ದ ಮಂಚವನ್ನು ಒಬ್ಬಳೇ ಎಳೆದು ತಂದಳು.

ಸಂಜೆ ಗಂಡಸರು ಬಂದಾಗ ಕಂಪ್ಯೂಟರ್ ನೆಲದ ಮೇಲಿತ್ತು. ದುರ್ಗೇಶ ರೇಗಿದ.

“ಇದೇನು? ಕೆಲಸ ಬಿಟ್ಟಿಯೇನು? ಅವ್ವ ಗೆದ್ದಳೇನು ಕಡೀಗೆ?”

“ಕೂಡ್ರಿ. ಒಂದು ಪಾಠ ಐತಿ,” ಎಂದಳು ಜಯಮಾಲಾ. ಸ್ಪೀಕರಿನಲ್ಲಿ ಮಾನಮ್ಮನ ದನಿ ಹಾಕಿದಳು. ಮಂಚದ ಮೇಲೆ ಮಾನಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ದನಿ ಮುಗಿದ ಮೇಲೆ ಜಯಮಾಲಾ ಹೇಳಿದಳು: “ಇದು ಆಟ ಅಲ್ಲ. ಖರೇ ಐತಿ. ನಾಳೆ ದವಾಖಾನಿಗೆ ಕರಕೊಂಡು ಹೋಗಬೇಕು.”

ಅಮೃತಪ್ಪ ಅಭ್ಯಾಸದಿಂದ ಬಂದಂತೆ ಹೇಳಿದ: “ಹಂಗಾದ್ರ... ಊರಿಗೆ ಕಳಿಸಿದ್ರ... ಹವಾ ಬದಲಾಗತಿತ್ತು. ಆಕಿ ಅಣ್ಣನ ಮನ್ಯಾಗ ಎಮ್ಮಿ ಹಾಲು—”

“ಕಳಸೂದಿಲ್ಲ ಮಾವಾ.”

“ನೀ ಯಾರು ಹೇಳಾಕ?”

“ಕಳಸೂದಿದ್ರ ನನ್ನನ್ನೂ ಕಳಸ್ರಿ. ನಿಮ್ಮ ಮಗಗ ರೊಟ್ಟಿ ನೀವು ಬಡದು ಹಾಕ್ರಿ.”

“ಏ ಜಯಾ, ಅಪ್ಪನ ಮುಂದ ಹಂಗ ಮಾತಾಡಬ್ಯಾಡ,” ಎಂದ ದುರ್ಗೇಶ. ಆದರೆ ದನಿಯಲ್ಲಿ ಜೋರಿರಲಿಲ್ಲ. ಅವನು ನೆಲ ನೋಡುತ್ತಿದ್ದ. “ಇದನ್ನ ನಾನೂ ಕೇಳೀನಲ್ಲ... ನಕ್ಕಿದ್ದೆ.”

“ನಾನೂ ನಕ್ಕಿದ್ದೆ. ಈಗ ಆ ಗುಳಿಗಿ ಪಟ್ಟಿ ಎಲ್ಲೈತಿ ಕೊಡ್ರಿ. ಅದನ್ನೂ ತರಾಕ ಹೇಳ್ಯಾರ.”

“ಗುಳಿಗಿ ಯಾಕ?” ಎಂದ ಅಮೃತಪ್ಪ. “ಅದು ಕಾಲಿಂದು.”

“ಖಾಲಿ ಹೊಟ್ಟ್ಯಾಗ ನುಂಗಿದ್ರ ಅದು ಹೊಟ್ಟಿ ಸುಡತೈತಂತ ಮಾವಾ. ನನಗೂ ತಿಳೀಬೇಕಾಗಿತ್ತು.”

ಅಮೃತಪ್ಪ ಅಂಗಿಯ ಜೇಬಿಗೆ ಕೈ ಹಾಕಿದ. ಅಂದು ಸಂಜೆ ಕೆಲಸದಿಂದ ಬರುವಾಗ ತಂದ ಹೊಸ ಪಟ್ಟಿ ಅಲ್ಲಿತ್ತು. ತೆಗೆದು ಸೊಸೆಗೆ ಕೊಟ್ಟು, ಮಂಚದ ಅಂಚಿನಲ್ಲಿ ಕೂತ.

“ನನಗರ ಹೇಳಬಾರದೇನು?” ಎಂದ ಹೆಂಡತಿಗೆ.

“ನೀ ಚಪ್ಪಾಳಿ ಹೊಡದೀ,” ಎಂದಳು ಮಾನಮ್ಮ, ಗೋಡೆಯ ಕಡೆಗೇ.

ಮರುದಿನ ರಕ್ತ ಪರೀಕ್ಷಿಸಿದರು. ರಕ್ತ ಬಹಳ ಕಡಿಮೆ ಇತ್ತು. ಗುಳಿಗೆ ಅಂದೇ ನಿಲ್ಲಿಸಿದರು. ಶನಿವಾರ ಬೆಳಗ್ಗೆ ಎಂಡೋಸ್ಕೋಪಿ, ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು, ಎಂದರು. ಒಳಗೆ ಕರೆದೊಯ್ಯಲು ಬಂದವಳು ಶಂಶುನ್ನೀಸಾ. ಮಾನಮ್ಮನನ್ನು ನೋಡಿದ ಕೂಡಲೇ ಕೈ ಹಿಡಿದಳು.

“ಅಜ್ಜಿ, ನಿಮ್ಮ ವಾಯ್ಸ್ ನಮಗೆಲ್ಲ ಬಾಯಿಪಾಠ. ಪಾಠದ ಅಜ್ಜಿ ಬಂದ್ರು ಅಂತ ವಾರ್ಡಲ್ಲೆಲ್ಲ ಹೇಳಿದೀನಿ.”

ಮಾನಮ್ಮ ಸೊಸೆಯ ಕಡೆ ತಿರುಗಿದಳು. “ಎಲ್ಲಾರೂ ಕೇಳ್ಯಾರೇನು? ಆ ಹೊರಕಡಿ ಮಾತೂ?”

“ಬ್ಯಾಡಂದ್ರ ತೆಗೀತೀನಿ ಅತ್ತಿ. ಮನೀಗೆ ಹೋಗಿ ಇವತ್ತ ತೆಗೀತೀನಿ.”

“ಅದನ್ನ ತೆಗಿ. ನಾಚಿಕಿ ಆಗತೈತಿ.”

“ಅಯ್ಯೋ ಅಜ್ಜಿ, ಅದು ತೆಗೆದ್ರೆ ಪಾಠದಲ್ಲಿ ಏನಿದೆ?” ಎಂದಳು ಶಂಶುನ್ನೀಸಾ. “ನಿಮ್ಮ ಕಡೆ ಹೆಂಗಸರು ಅದನ್ನ ಹೇಳೋದೇ ಇಲ್ಲ. ನಾವು ಕೇಳೋಕೆ ಯಾವ ಮಾತು ಅಂತ ನಮಗೂ ಗೊತ್ತಿರ್ಲಿಲ್ಲ. ಈಗ ಕೇಳ್ತೀವಿ. ಹೊರಕಡಿಗೆ ಕರ್ರಗ ಆಗತೈತೇನು ಅಂತ. ಸರಿ ಅಂದ್ನಾ?”

ಮಾನಮ್ಮ ಅವಳ ಮುಖವನ್ನೇ ನೋಡಿದಳು. “‘ಕರ್ರಗ’ ಅನ್ನೂದು ಇನ್ನೂ ಸ್ವಲ್ಪ ಒತ್ತಿ ಅನ್ನಬೇಕು,” ಎಂದಳು. ಆಮೇಲೆ ಸೊಸೆಗೆ, “ಇರ್ಲಿ ಬಿಡು. ಹೆಸರು ಹಾಕಬ್ಯಾಡ ಅಷ್ಟ.”

ಅಮೃತಪ್ಪ, ದುರ್ಗೇಶ ಹೊರಗಿನ ಬೆಂಚಿನಲ್ಲಿ ಕೂತರು. ಅಮೃತಪ್ಪ ಎರಡು ಸಲ ಎದ್ದು ಬಾಗಿಲ ಸಂದಿಯಿಂದ ನೋಡಲು ಹೋಗಿ ಬೈಸಿಕೊಂಡ. ಮೂರನೆಯ ಸಲ ಎದ್ದಾಗ ಮಗ ಅಂಗಿ ಹಿಡಿದು ಕೂರಿಸಿದ.

ಡಾಕ್ಟರು ಹೊರಗೆ ಬಂದು ಹುಣ್ಣು ಇದೆ ಎಂದರು. ನೋಡಿದರೆ ಕೆಟ್ಟದ್ದು ಅನ್ನಿಸುತ್ತಿಲ್ಲ, ಆದರೂ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ, ನೋವಿನ ಗುಳಿಗೆಯಿಂದ ಆದದ್ದೇ ಇರಬೇಕು, ಔಷಧಿ ಕೊಡುತ್ತೇವೆ, ಎಂಟು ವಾರದ ಮೇಲೆ ಮತ್ತೆ ಒಳಗೆ ನೋಡೋಣ ಎಂದರು. ಅಲ್ಲಿಯವರೆಗೆ ಎಲ್ಲಿಗೂ ಪ್ರಯಾಣ ಬೇಡ ಎಂಬ ಮಾತನ್ನು ಜಯಮಾಲಾ ಮಾವನ ಎದುರಿಗೆ ಎರಡು ಸಲ ಹೇಳಿಸಿದಳು.

“ನಾ ಎಲ್ಲಿ ಕಳಸ್ತೀನಿ ಅಂದೆ?” ಎಂದ ಅಮೃತಪ್ಪ.

ಮಾನಮ್ಮನ ಗಂಟಲಿನ ಜೋಮು ಇಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಮೊದಲು ನೀರು ಕೇಳಿದಳು. ಆಮೇಲೆ ಸೊಸೆಯ ಕೈಯಲ್ಲಿದ್ದ ವರದಿಯನ್ನು ಬೆರಳಿನಿಂದ ತೋರಿಸಿದಳು.

“ಎಷ್ಟು ದೊಡ್ಡದೈತಿ? ಖರೇ ಹೇಳು.”

ಜಯಮಾಲಾ ವರದಿ ಬಿಡಿಸಿ, ಇದ್ದದ್ದನ್ನು ಇದ್ದಂತೆ ಅತ್ತೆಗೆ ಓದಿ ಹೇಳಿದಳು. ಹುಣ್ಣು ಜಠರದ ಕೆಳಭಾಗದಲ್ಲಿತ್ತು. ಅದರ ಅಗಲ ಹನ್ನೊಂದು ಮಿಲಿಮೀಟರ್.